ಗೇರು ಕಾಯುವ ಚಗಳಿ

1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆ ಮರಗಳು ದಟ್ಟ ಕಾಡಿನಂತೆ ಕಾಣುತ್ತಿದ್ದವೆಂದು ಬರೆದ. ಹುಳದಿಂದ ಅವನ್ನು ಹೇಗೆ ಕಾಯುತ್ತಿದ್ದರೆಂಬ ಮಾತು ಅವನ ಬರಹದಲ್ಲಿಲ್ಲ. ದಕ್ಷಿಣ ಚೀನಾದ ಕಿತ್ತಳೆ ಬೆಳೆಗಾರರ ಬಳಿ ಮಾತ್ರ ಆ ಹೊತ್ತಿಗೆ ಸಾವಿರ ವರ್ಷ ದಾಟಿದ ಉಪಾಯವೊಂದಿತ್ತು. ಕ್ರಿ.ಶ. 304ರಲ್ಲಿ ಜಿ ಹಾನ್ ಬರೆದನೆನ್ನುವ ಸಸ್ಯಗ್ರಂಥದಲ್ಲಿ, ಇರುವೆಗೂಡುಗಳನ್ನು ಚೀಲದಲ್ಲಿ ತಂದು ಸಂತೆಯಲ್ಲಿ ಮಾರುವ ಸಂಗತಿಯಿದೆ. ಆ ಇರುವೆ ಇಲ್ಲದ ಮರದಲ್ಲಿ ಒಂದು ಹಣ್ಣೂ ನೆಟ್ಟಗೆ ಉಳಿಯದಂತೆ. ಮುಂದೆ ಮರದಿಂದ ಮರಕ್ಕೆ ಬಿದಿರಿನ ಸೀಳು ಕಟ್ಟಿ ಅವಕ್ಕೆ ದಾರಿಯನ್ನೂ ಮಾಡಿಕೊಟ್ಟರು.

ನಮ್ಮ ಮಲೆನಾಡಿನ ಚಗಳಿ ಅದೇ ಇರುವೆ. ಸಾಲುಗಟ್ಟಿ ಎಲೆಗಳನ್ನು ಎಳೆದು ಹಿಡಿದು, ತನ್ನ ಮರಿಹುಳುಗಳಿಂದ ಒಸರುವ ರೇಷ್ಮೆಯಲ್ಲಿ ಗೂಡು ಹೊಲಿಯುತ್ತದೆ. ನಾವು ಅದರ ಚಟ್ನಿ ಅರೆದೆವು, ಕಚ್ಚಿಸಿಕೊಂಡು ಬೈದೆವು. ತೋಟದ ಕಾವಲಿಗೆ ಕರೆಯುವ ಯೋಚನೆ ಬಂದದ್ದು ತೀರ ತಡವಾಗಿ.

ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ. ಹೆಸರಿಗಷ್ಟೇ ಸೊಳ್ಳೆ, ಕುಲ ತಿಗಣೆಯದು. ಚಿಗುರು, ಹೂಗೊಂಚಲುಗಳ ರಸ ಹೀರಿ ಒಣಗಿಸುತ್ತದೆ. ಇದನ್ನು ಕೊಲ್ಲಲೆಂದೇ ಕಾಸರಗೋಡಿನ ಸರ್ಕಾರಿ ಗೇರುತೋಟಗಳ ಮೇಲೆ, 2000ದವರೆಗೆ, ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟದಂಚಿನ ಊರುಗಳ ನರಳಾಟವನ್ನು ಪತ್ರಕರ್ತ ಶ್ರೀ ಪಡ್ರೆ ಹೊರಜಗತ್ತಿಗೆ ತಿಳಿಸಿದರು. ದೇಶದಾದ್ಯಂತ ಈ ವಿಷವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಒಂದು ತಿಗಣೆಗಾಗಿ ಮಕ್ಕಳು ತೆತ್ತ ಬೆಲೆ ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಆಸ್ಟ್ರೇಲಿಯಾದ ಉತ್ತರ ಭಾಗದ ಗೇರುತೋಟಗಳಲ್ಲಿ ಸಂಶೋಧಕರಾದ ರೆನ್‌ಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ 1990ರ ದಶಕದಲ್ಲೇ ಚಗಳಿ ಇರುವೆಯನ್ನು ಒರೆಗೆ ಹಚ್ಚಿದ್ದರು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಕೀಟತಜ್ಞರೂ ಚಗಳಿಯ ಬೆನ್ನುಹತ್ತಿದರು. ಅದು ಬೀಡುಬಿಟ್ಟ ಮರದಲ್ಲಿ ಟೀ ಸೊಳ್ಳೆಯ ಹಾವಳಿ ತಗ್ಗುತ್ತದೆ.

ತೊಡಕುಗಳೂ ಇವೆ. ಅಂಟುಸಿಹಿಯ ಆಸೆಗೆ ಚಗಳಿ ಹಿಟ್ಟುತಿಗಣೆಯನ್ನು ಸಾಕುವುದುಂಟು. ಮಾವು ಕೊಯ್ಯಲು ಮರ ಹತ್ತಿದವರಿಗೆ ಕಡಿತ ತಪ್ಪಿದ್ದಲ್ಲ. ಗೇರುಬೀಜವನ್ನಾದರೆ ಉದುರಿದ ಮೇಲೆ ನೆಲದಿಂದ ಹೆಕ್ಕಬಹುದು. ಎರಡು ಬೇರೆ ಸಂಸಾರದ ಚಗಳಿಗಳು ಎದುರಾದರೆ ಸಾಯುವವರೆಗೆ ಕಾದಾಡುತ್ತವೆ, ಹಾಗಾಗಿ ಒಂದೇ ಸಂಸಾರದ ಮರಗಳ ನಡುವೆ ಮಾತ್ರ ಅವುಗಳ ಓಡಾಟಕ್ಕೆ ಹಗ್ಗ ಕಟ್ಟಬೇಕು. ಗೂಡು ಬೇರೆ ತೋಟಕ್ಕೆ ಒಯ್ಯುವುದಾದರೆ ರಾಣಿಯಿರುವ ಗೂಡೂ ಜೊತೆಗೆ ಹೋಗಬೇಕು. ಹತ್ತಾರು ಮರಗಳಲ್ಲಿ ಹರಡಿದ ನೂರಾರು ಗೂಡುಗಳಲ್ಲಿ ರಾಣಿ ಇರುವುದು ಸಾಮಾನ್ಯವಾಗಿ ಒಂದರಲ್ಲಿ ಮಾತ್ರ.