ಗಣಕ ಬೀಜಗಣಿತದಲ್ಲಿ ಬೀಜೋಕ್ತಿಗಳ ಸರಳೀಕರಣ

ಬೀಜೋಕ್ತಿಗಳ ಸರಳೀಕರಣವೆಂದರೆ ಒಂದು ಬೀಜೋಕ್ತಿಯ ಬೆಲೆಯನ್ನು ಬದಲಿಸದೆ ಅದನ್ನು ಹೆಚ್ಚು ಅನುಕೂಲವಾದ ರೂಪಕ್ಕೆ ತರುವ ಕ್ರಿಯೆ. ಇದನ್ನು ಚಿಹ್ನೆಗಳ ಮೇಲೆಯೇ ನಡೆಸಬಲ್ಲ ತಂತ್ರಾಂಶಗಳಿಗೆ ಗಣಕ ಬೀಜಗಣಿತ ವ್ಯವಸ್ಥೆಗಳೆಂದು ಹೆಸರು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1968ರಲ್ಲಿ ಆರಂಭವಾದ ಮ್ಯಾಕ್‌ಸೈಮಾ ಇವುಗಳಲ್ಲಿ ಹಳೆಯದು. ಇಂದಿನ ಮುಕ್ತ ತಂತ್ರಾಂಶ ಮ್ಯಾಕ್ಸಿಮಾ ಅದರ ಸಂತತಿ. ಮೇಪಲ್, ಮ್ಯಾಥಮ್ಯಾಟಿಕಾ, ಸಿಂಪೈ ಇತರ ಪ್ರಸಿದ್ಧ ವ್ಯವಸ್ಥೆಗಳು.

ಯಾವುದು ಸರಳ?

ಶಾಲೆಯ ಪಠ್ಯಪುಸ್ತಕದಲ್ಲಿ ‘ಸರಳೀಕರಿಸಿ’ ಎಂಬ ಒಂದೇ ಪದ ಸಾಕಾಗುತ್ತದೆ, ಯಂತ್ರಕ್ಕೆ ಸಾಲದು. (ಕ್ಷ + 1)¹⁰⁰ ಎಂಬುದನ್ನು ವಿಸ್ತರಿಸಿದರೆ 101 ಪದಗಳಾಗುತ್ತವೆ; ಇಲ್ಲಿ ಅಪವರ್ತನ ರೂಪವೇ ಸರಳ. ಆದರೆ (ಕ್ಷ¹⁰⁰ − 1) ÷ (ಕ್ಷ − 1) ಎಂಬಲ್ಲಿ ಛೇದವನ್ನು ನಿವಾರಿಸಿದರೆ ಚಿಕ್ಕ ಉಕ್ತಿ 100 ಪದಗಳಷ್ಟು ಬೆಳೆಯುತ್ತದೆ. ಸಿಂಪೈಯ ‘ಸಿಂಪ್ಲಿಫೈ’ ಆದೇಶವು ಹಲವು ವಿಧಾನಗಳನ್ನು ಪ್ರಯೋಗಿಸಿ, ಮುಖ್ಯವಾಗಿ ಪರಿಕರ್ಮಗಳ ಸಂಖ್ಯೆಯನ್ನು ನೋಡಿ ಒಂದು ರೂಪವನ್ನು ಆರಿಸುತ್ತದೆ. ಆದರೂ ಕ್ಷ² + 2ಕ್ಷ + 1 ಅದರ ಕೈಯಲ್ಲಿ ಹಾಗೆಯೇ ಉಳಿಯುತ್ತದೆ. (ಕ್ಷ + 1)² ಬೇಕಾದವರು ಅಪವರ್ತಿಸುವಂತೆ ಬೇರೆಯಾಗಿ ಹೇಳಬೇಕು.

ನಿಬಂಧನೆಗಳು

ಕ್ಷ² ಎಂಬುದರ ವರ್ಗಮೂಲ ಕ್ಷ ಎಂದು ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಕ್ಷ = −3 ಆದಾಗ ವರ್ಗಮೂಲ 3, −3 ಅಲ್ಲ. ಕ್ಷ ಧನಸಂಖ್ಯೆಯೆಂದು ಮೊದಲೇ ಘೋಷಿಸದಿದ್ದರೆ ಸಿಂಪೈ ಆ ವರ್ಗಮೂಲವನ್ನು ಹಾಗೆಯೇ ಬಿಡುತ್ತದೆ. ಯಂತ್ರದ ಈ ಹಟ ದೋಷವಲ್ಲ, ಎಚ್ಚರಿಕೆ.

ಭಿನ್ನರಾಶಿಗಳಲ್ಲಿ ಎಚ್ಚರಿಕೆ ಬಳಕೆದಾರನದೇ. (ಕ್ಷ² − 1) ÷ (ಕ್ಷ − 1) ಎಂಬುದನ್ನು ಕ್ಷ + 1 ಎಂದು ಸಂಕ್ಷೇಪಿಸಿದಾಗ, ಕ್ಷ = 1 ಆಗಿರಬಾರದೆಂಬ ನಿಬಂಧನೆ ಫಲಿತದಲ್ಲಿ ಕಾಣುವುದಿಲ್ಲ. ಮೂಲ ಉಕ್ತಿಯನ್ನು 2ಕ್ಕೆ ಸಮೀಕರಿಸಿದ ಲೆಕ್ಕದಲ್ಲಿ ಸಂಕ್ಷಿಪ್ತ ರೂಪವು ಕ್ಷ = 1 ಎಂಬ ಉತ್ತರ ಕೊಡುತ್ತದೆ; ಅದನ್ನು ಮೂಲದಲ್ಲಿ ಆದೇಶಿಸಿದರೆ ಛೇದ ಸೊನ್ನೆಯಾಗುತ್ತದೆ. ವಾಸ್ತವವಾಗಿ ಆ ಸಮೀಕರಣಕ್ಕೆ ಪರಿಹಾರವೇ ಇಲ್ಲ.

ಮಿತಿ

ಎರಡು ಉಕ್ತಿಗಳು ಸಮವೇ ಎಂದು ತಿಳಿಯಲು ಅವುಗಳ ವ್ಯತ್ಯಾಸ ಸೊನ್ನೆಯೇ ಎಂದು ಪರೀಕ್ಷಿಸಬೇಕು. ಭಾಗಲಬ್ಧ ಸಹಗುಣಕಗಳ ಬಹುಪದೋಕ್ತಿಗಳಲ್ಲಿ ಇದು ಸುಲಭ: ವಿಸ್ತರಿಸಿ, ಸಜಾತಿ ಪದಗಳನ್ನು ಕೂಡಿಸಿದರೆ ಪ್ರತಿ ಉಕ್ತಿಗೂ ಒಂದೇ ನಿಯತ ರೂಪ ದೊರೆಯುತ್ತದೆ. ಸೈನ್, ಘಾತೀಯ ಉತ್ಪನ್ನ, ನಿರಪೇಕ್ಷ ಮೌಲ್ಯ ಮೊದಲಾದವು ಸೇರಿದಾಗ ಸ್ಥಿತಿ ಬೇರೆ. ಅಂತಹ ಒಂದು ವರ್ಗದ ಉಕ್ತಿಗಳೆಲ್ಲಕ್ಕೂ ಈ ಪರೀಕ್ಷೆ ನಡೆಸಬಲ್ಲ ಕ್ರಮವಿಧಿ ಇರಲಾರದೆಂದು ಡೇನಿಯಲ್ ರಿಚರ್ಡ್‌ಸನ್ 1968ರಲ್ಲಿ ಸಾಧಿಸಿದರು. ಆದ್ದರಿಂದ ಎರಡು ಉಕ್ತಿಗಳ ವ್ಯತ್ಯಾಸವನ್ನು ತಂತ್ರಾಂಶವು ಸೊನ್ನೆಗೆ ಇಳಿಸದೆ ಹೋದ ಮಾತ್ರಕ್ಕೆ ಅವು ಅಸಮವೆಂದು ತೀರ್ಮಾನಿಸಲಾಗದು.