ಉಷ್ಣಮಾಪಕ ಮತ್ತು ಸಂವೇದಕಗಳ ಹೊಂದಾಣಿಕೆ

ಹಳೆಯ ಲಾರಿಗಳಲ್ಲಿ ಚಾಲಕನ ಎದುರಿನ ಫಲಕದ ಮೇಲೆ ಎಂಜಿನ್ನಿನ ಉಷ್ಣತೆಯನ್ನು ತೋರುವ ಮುಳ್ಳೊಂದು ಇರುತ್ತದೆ. ಆ ಮುಳ್ಳು ತಾನಾಗಿ ಉಷ್ಣವನ್ನು ಅರಿಯದು. ಎಂಜಿನ್ನಿನೊಳಗೆ ನೀರು ಹರಿಯುವ ಹಾದಿಯಲ್ಲಿ ತಿರುಪಿನಿಂದ ಬಿಗಿದಿರುವ ಸಂವೇದಕವು ಏನನ್ನು ಸೂಚಿಸುವುದೋ ಅದನ್ನು ಓದಿ ಹೇಳುವುದಷ್ಟೇ ಅದರ ಕಾರ್ಯ. ಶಬ್ದಕ್ಕೂ ಅರ್ಥಕ್ಕೂ ನಡುವೆ ಸಂಕೇತವೊಂದು ಇರಬೇಕೆಂದು ಶಾಸ್ತ್ರಜ್ಞರು ಹೇಳುವಂತೆ, ಇವೆರಡರ ನಡುವೆಯೂ ಒಂದೇ ಸಂಕೇತವಿರಬೇಕು. ಅದು ತಪ್ಪಿದರೆ ಅನರ್ಥವು ನಿಶ್ಚಿತ.

ವಿದ್ಯುತ್ತಿನಿಂದ ನಡೆಯುವ ಮಾಪಕಗಳಲ್ಲಿ ಈ ಸಂಕೇತವು ವಿದ್ಯುತ್ ರೋಧದ ರೂಪದಲ್ಲಿರುತ್ತದೆ. ಸಂವೇದಕದೊಳಗಿನ ವಸ್ತುವು ಬಿಸಿಯಾದಂತೆ ಅದರ ರೋಧ ತಗ್ಗುತ್ತದೆ. ಹೆಚ್ಚು ಪ್ರವಾಹ ಹರಿಯುತ್ತದೆ. ಮುಳ್ಳು ಬಿಸಿಯ ಕಡೆಗೆ ಸರಿಯುತ್ತದೆ. ಆದರೆ ಯಾವ ಉಷ್ಣತೆಗೆ ಎಷ್ಟು ಓಮ್ ಎಂಬುದನ್ನು ಒಬ್ಬೊಬ್ಬ ತಯಾರಕನೂ ತನ್ನದೇ ರೀತಿಯಲ್ಲಿ ಗೊತ್ತುಮಾಡಿದ್ದಾನೆ.

ಅಮೆರಿಕದಲ್ಲಿ 1960 ಮತ್ತು 1970ರ ದಶಕಗಳಲ್ಲಿ ತಯಾರಾದ ಫೋರ್ಡ್ ಎಫ್ ಮಾಲಿಕೆಯ ಲಾರಿಗಳನ್ನು ಉದಾಹರಣೆಯಾಗಿ ನೋಡಬಹುದು. ಅವುಗಳ ಮಾಪಕದಲ್ಲಿ ತಂಪಿನ ತುದಿಗೆ ಸುಮಾರು 73 ಓಮ್, ಬಿಸಿಯ ತುದಿಗೆ ಸುಮಾರು 10 ಓಮ್. ಮಾಪಕಕ್ಕೆ ಒದಗುವ ವಿದ್ಯುತ್ತನ್ನು ನಿಯಂತ್ರಕವೊಂದು ಸರಾಸರಿ 5 ವೋಲ್ಟಿಗೆ ಇಳಿಸುತ್ತದೆ. ಇಂತಹ ಲಾರಿಗೆ ಜರ್ಮನಿಯ ವಿಡಿಒ ಸಂಸ್ಥೆಯು 120 ಡಿಗ್ರಿಯ ಮಾಪಕಕ್ಕೆಂದು ಮಾಡಿದ ಸಂವೇದಕವನ್ನು ಜೋಡಿಸಿದರೆ, ನೀರು 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೂ ಅದರ ರೋಧ ಸುಮಾರು 51 ಓಮ್ ಇರುತ್ತದೆ. ಆಗ ಮುಳ್ಳು ತಂಪಿನ ಬದಿಯಲ್ಲಿಯೇ ನಿಂತಿರುತ್ತದೆ. ಚಾಲಕನು ನಿಶ್ಚಿಂತನಾಗಿ ಮುಂದೆ ಸಾಗುತ್ತಾನೆ. ನೀರು ಮತ್ತಷ್ಟು ಕಾದು ಹೆಡ್ ಗ್ಯಾಸ್ಕೆಟ್ ಸುಡಬಹುದು, ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ರೋಧವು ಅಗತ್ಯಕ್ಕಿಂತ ಕಡಿಮೆಯಿರುವ ಸಂವೇದಕವಾದರೋ ಇಲ್ಲದ ಬಿಸಿಯನ್ನು ತೋರಿಸಿ ವೃಥಾ ಭಯ ಹುಟ್ಟಿಸುತ್ತದೆ. ಈ ಎರಡರಲ್ಲಿ ಮೊದಲನೆಯದೇ ಹೆಚ್ಚು ಘಾತುಕ.

ತಿರುಪು ಕೂಡಿದ ಮಾತ್ರಕ್ಕೆ ಗುಣವೂ ಕೂಡಿತೆಂದು ಭಾವಿಸಬಾರದು. ಎಚ್ಚರಿಕೆಯ ದೀಪವನ್ನು ಹೊತ್ತಿಸುವ ಸ್ವಿಚ್ಚೂ ನೋಡಲು ಸಂವೇದಕದಂತೆಯೇ ಇರುತ್ತದೆ. ಆದರೆ ಅದು ಬಲ್ಲದ್ದು ಹತ್ತಿಸುವುದು, ಆರಿಸುವುದು ಎಂಬ ಎರಡೇ. ಇನ್ನೂ ಹಳೆಯ ಕೆಲವು ವಾಹನಗಳಲ್ಲಿ ವಿದ್ಯುತ್ತೇ ಇಲ್ಲದೆ, ದ್ರವ ತುಂಬಿದ ಬುರುಡೆಯ ಒತ್ತಡವು ಸಣ್ಣ ಲೋಹದ ನಳಿಕೆಯ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಅಲ್ಲಿ ಮಾಪಕ, ನಳಿಕೆ, ಬುರುಡೆಗಳು ಅವಿಭಾಜ್ಯ.

ಪರೀಕ್ಷೆಯ ಕ್ರಮ ಸುಲಭವಾಗಿದೆ. ಬಿಚ್ಚಿದ ಸಂವೇದಕದ ತುದಿಯನ್ನು ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರನ್ನಿರಿಸಿ, ನೀರನ್ನು ನಿಧಾನವಾಗಿ ಕಾಯಿಸುತ್ತ ಆಗಾಗ ರೋಧವನ್ನು ಅಳೆದು ಬರೆದುಕೊಳ್ಳಬೇಕು. ಕುದಿಯುವ ನೀರೆಂದರೆ 100 ಡಿಗ್ರಿಯೇ ಎಂದು ತಿಳಿಯಬಾರದು. ಬೆಂಗಳೂರಿನಷ್ಟು ಎತ್ತರದಲ್ಲಿ ಅದು ಸುಮಾರು 97 ಡಿಗ್ರಿ. ಬಳಿಕ ಅಷ್ಟೇ ಓಮ್‌ಗಳ ರೋಧಕವನ್ನು ಸಂವೇದಕದ ತಂತಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಜೋಡಿಸಿ, ಮುಳ್ಳು ಎಲ್ಲಿ ನಿಲ್ಲುವುದೆಂದು ನೋಡಬೇಕು. ಫೋರ್ಡ್ ಬಗೆಯ ಮಾಪಕದ ತಂತಿಯನ್ನು ನೇರವಾಗಿ ಲೋಹಕ್ಕೆ ಮುಟ್ಟಿಸುವುದು ಮಾಪಕಕ್ಕೆ ಅಪಾಯ. ಸಂವೇದಕದ ತಿರುಪಿಗೆ ದಪ್ಪನಾಗಿ ಪಟ್ಟಿ ಸುತ್ತಿದರೂ ಲೋಹಸಂಪರ್ಕ ಕೆಟ್ಟು ಮುಳ್ಳು ತಂಪೆಂದೇ ತೋರಬಹುದು.

ಆದುದರಿಂದ ಮಾಪಕವನ್ನಾಗಲಿ ಸಂವೇದಕವನ್ನಾಗಲಿ ಬದಲಿಸಬೇಕಾದಾಗ ಅವುಗಳ ರೋಧಮಾನವನ್ನು ತಾಳೆ ನೋಡುವುದು, ಅದು ತಿಳಿಯದಿದ್ದಲ್ಲಿ ಎರಡನ್ನೂ ಜೊತೆಯಾಗಿಯೇ ಬದಲಿಸುವುದು ಲೇಸು. ಮುಳ್ಳನ್ನು ನಂಬಿ ದೂರ ಸಾಗುವವನಿಗೆ ಆ ಮುಳ್ಳು ಸತ್ಯವನ್ನೇ ನುಡಿಯುವಂತೆ ಮಾಡುವುದು ದುರಸ್ತಿಗಾರನ ಧರ್ಮ.