ತಣ್ಣೀರಿನ ಆಳಕ್ಕೆ ಅಳತೆಯ ಉಡುಪು

ಮಾನವ ಶರೀರದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಋತು ಯಾವುದೇ ಇರಲಿ, ದೇಶ ಯಾವುದೇ ಇರಲಿ, ಈ ಅಂಕೆಯ ಆಸುಪಾಸಿನಲ್ಲಿಯೇ ಶರೀರವು ತನ್ನ ವ್ಯವಹಾರವನ್ನು ನಡೆಸಿಕೊಂಡು ಹೋಗಬೇಕು. ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಆ ಸ್ಥಿತಿಯನ್ನು ಹೈಪೊಥರ್ಮಿಯಾ ಎಂದು ಕರೆಯುತ್ತಾರೆ. ಕೇವಲ ಎರಡು ಡಿಗ್ರಿಗಳ ಈ ಅಂತರದಲ್ಲಿ ಜೀವದ ಜಮಾಖರ್ಚು ಅಡಗಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ವೇಗವಾಗಿ ಶಾಖವನ್ನು ಒಯ್ಯುತ್ತದೆ. 15 ಡಿಗ್ರಿಯ ಗಾಳಿಯಲ್ಲಿ ಒಂದು ಸ್ವೆಟರ್ ಧರಿಸಿ ಸಂಜೆಯೆಲ್ಲ ಹರಟೆ ಹೊಡೆಯಬಹುದು. 15 ಡಿಗ್ರಿಯ ನೀರಿನಲ್ಲಿ ಅದೇ ಮನುಷ್ಯನ ಹಲ್ಲುಗಳು ಬಹುಬೇಗ ಕಟಕಟಿಸತೊಡಗುತ್ತವೆ.

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಸೇರಿ ರೂಪಿಸಿದ ಉಸಿರಾಟದ ಸಾಧನವು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮೀನಿನಂತೆ ಸ್ವತಂತ್ರವಾಗಿ ಸಂಚರಿಸುವ ಸ್ಕೂಬಾ ವಿದ್ಯೆಗೆ ಹಾದಿ ತೆರೆಯಿತು. ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಒಂದು ನೆಲೆಯುಂಟು. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗಲು ಕಲಿತವರು ಅನೇಕರಿದ್ದಾರೆ. ಅಲ್ಲಿಯ ಅರಬ್ಬೀ ಸಮುದ್ರ ಬೆಚ್ಚಗಿನದು. ತೆಳುವಾದ ಒಂದು ರಬ್ಬರಿನ ಉಡುಪು ಸಾಕು.

ಹೀಗೆ ನೇತ್ರಾಣಿಯಲ್ಲಿ ನಾಲ್ಕಾರು ಬಾರಿ ಮುಳುಗಿ, ಅನಂತರ ಉದ್ಯೋಗ ನಿಮಿತ್ತ ಬ್ರಿಟನ್ನಿಗೆ ತೆರಳಿದ, ನಲವತ್ತರ ಹೊಸ್ತಿಲಲ್ಲಿರುವ ಒಬ್ಬ ಕನ್ನಡಿಗ ಎಂಜಿನಿಯರನನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಮುಳುಗುಗಾರರು ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಎಂಬ ಹಳೆಯ ಕಲ್ಲುಗಣಿಯ ಕೊಳದಲ್ಲಿ ಅಭ್ಯಾಸ ಮಾಡುತ್ತಾರೆ. ಸಿಹಿನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ, ಚಳಿಗಾಲದಲ್ಲಿ ಇಂತಹ ಕೊಳಗಳ ತಳದ ನೀರು ಆ ಅಂಕೆಯ ಸಮೀಪಕ್ಕೆ ಬಂದು ನಿಲ್ಲುತ್ತದೆ. ನೇತ್ರಾಣಿಯ ತೆಳು ಉಡುಪು ಅಲ್ಲಿ ಕೆಲಸಕ್ಕೆ ಬಾರದು. ಆಗ ಆತನು ಕೇಳುವ ಹೆಸರೇ ಡ್ರೈಸೂಟ್, ಅಂದರೆ ಒಣ ಉಡುಪು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಉಡುಪು ಆತನ ಮೈಕಟ್ಟಿಗೆ ಒಗ್ಗುವುದಿಲ್ಲ. ಎತ್ತರಕ್ಕೆ ಸರಿಯಾದದ್ದು ಹೊಟ್ಟೆಗೆ ಬಿಗಿ. ಹೊಟ್ಟೆಗೆ ಸರಿಯಾದದ್ದು ಕಾಲಿಗೆ ಉದ್ದ. ಆದುದರಿಂದ ಅಳತೆ ಕೊಟ್ಟು ಹೊಲಿಸುವ ಯೋಚನೆ ಬರುತ್ತದೆ.

ಒಣ ಉಡುಪು ಎಂದರೇನು?

ಮುಳುಗುಗಾರರ ಉಡುಪುಗಳಲ್ಲಿ ಎರಡು ಪ್ರಮುಖ ಬಗೆಗಳಿವೆ. ಮೊದಲನೆಯದು ವೆಟ್‌ಸೂಟ್. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅವರು ಇದಕ್ಕೆ ರೂಪ ಕೊಟ್ಟರು. ಇದು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಯಿಂದ ಮಾಡಿದ್ದು. ನೀರು ಒಳಗೆ ಬರುತ್ತದೆ. ಆದರೆ ರಬ್ಬರಿನೊಳಗಿನ ಅಸಂಖ್ಯ ಸೂಕ್ಷ್ಮ ಗುಳ್ಳೆಗಳು ಶಾಖವನ್ನು ತಡೆಹಿಡಿಯುತ್ತವೆ. ಆಳಕ್ಕೆ ಇಳಿದಂತೆ ಈ ಗುಳ್ಳೆಗಳೂ ಕುಗ್ಗಿ, ಚಳಿ ಹೆಚ್ಚುವ ಕಡೆಯಲ್ಲಿಯೇ ಉಡುಪು ತೆಳುವಾಗುತ್ತದೆ ಎಂಬುದು ಇದರ ದೋಷ.

ಎರಡನೆಯದೇ ಒಣ ಉಡುಪು. ಇದರೊಳಗೆ ನೀರಿಗೆ ಪ್ರವೇಶವಿಲ್ಲ. ಕೊರಳಿನಲ್ಲಿ, ಮಣಿಕಟ್ಟುಗಳಲ್ಲಿ ಚರ್ಮಕ್ಕೆ ಅಂಟಿಕೊಂಡು ಕೂರುವ ಪಟ್ಟಿಗಳಿವೆ; ನೀರು ನುಸುಳದ ಜಿಪ್ ಇದೆ. ಒಳಗೆ ಉಣ್ಣೆಯ ಅಥವಾ ಕೃತಕ ನಾರಿನ ದಪ್ಪ ಒಳಉಡುಪನ್ನು ಧರಿಸಬೇಕು. ಬೆಚ್ಚಗಿಡುವುದು ಮುಖ್ಯವಾಗಿ ಈ ಒಳಉಡುಪಿನ ಎಳೆಗಳ ನಡುವೆ ನಿಂತ ಗಾಳಿ. ಹತ್ತಿಯ ಬನಿಯನ್ನು ಇಲ್ಲಿ ಸಲ್ಲದು. ಅದು ಬೆವರನ್ನು ಹೀರಿ ಮೈಗೆ ತಣ್ಣಗೆ ಅಂಟಿಕೊಳ್ಳುತ್ತದೆ.

ಎದೆಯ ಮೇಲೆ ಗಾಳಿ ತುಂಬುವ ಕವಾಟ, ಎಡತೋಳಿನ ಮೇಲ್ಭಾಗದಲ್ಲಿ ಗಾಳಿ ಬಿಡುವ ಕವಾಟ, ಇವೆರಡು ಉಡುಪಿನ ಮೂಗು ಬಾಯಿಗಳಿದ್ದಂತೆ. ಇವುಗಳ ಅಗತ್ಯವನ್ನು ಬಾಯ್ಲ್ ಎಂಬ ವಿಜ್ಞಾನಿಯು 1662ರಲ್ಲಿ ಪ್ರಕಟಿಸಿದ ನಿಯಮ ವಿವರಿಸುತ್ತದೆ. ನೀರಿನ ಮೇಲೆ ಒಂದು ಲೀಟರ್ ಇದ್ದ ಗಾಳಿ 10 ಮೀಟರ್ ಆಳದಲ್ಲಿ ಅರ್ಧ ಲೀಟರಿಗೂ, 30 ಮೀಟರ್ ಆಳದಲ್ಲಿ ಕಾಲು ಲೀಟರಿಗೂ ಕುಗ್ಗುತ್ತದೆ. ಇಳಿಯುವಾಗ ಗಾಳಿ ತುಂಬದಿದ್ದರೆ ಉಡುಪು ಮೈಯನ್ನು ಹಿಂಡಿ, ಮಡಿಕೆಗಳು ಚರ್ಮವನ್ನು ಚಿವುಟಿ ಕೆಂಪು ಬಾಸುಂಡೆಗಳನ್ನು ಎಬ್ಬಿಸುತ್ತವೆ. ಏರುವಾಗ ಬಿಡದಿದ್ದರೆ ಹಿಗ್ಗಿದ ಗಾಳಿಯು ಮುಳುಗುಗಾರನನ್ನು ಬೆಂಡಿನಂತೆ ಮೇಲಕ್ಕೆ ಎಸೆಯುತ್ತದೆ.

ಅಳತೆ ತಪ್ಪಿದರೆ

ಮದುವೆಗೆ ಹೊಲಿಸಿದ ಕೋಟು ಸ್ವಲ್ಪ ಸಡಿಲವಾದರೆ ನೆಂಟರಿಷ್ಟರು ಒಂದು ದಿನ ನಕ್ಕು ಮರೆಯುತ್ತಾರೆ. ಒಣ ಉಡುಪಿನ ಪ್ರಶ್ನೆ ಹಾಗಲ್ಲ.

ಉಡುಪು ಅತಿ ಸಡಿಲವಾಗಿದ್ದರೆ ಒಳಗೆ ಹೆಚ್ಚು ಗಾಳಿ ಸೇರಲು ಎಡೆಯಾಗುತ್ತದೆ. ಆ ಗಾಳಿ ಸದಾ ಎತ್ತರದ ಕಡೆಗೆ ಓಡುತ್ತದೆ. ತಲೆ ಕೆಳಗಾಗಿ ಈಜಿದ ಕ್ಷಣದಲ್ಲಿ ಅದು ಕಾಲುಗಳಿಗೆ ಧಾವಿಸಿ, ಪಾದಗಳು ಬಲೂನಿನಂತೆ ಊದಿ, ಮುಳುಗುಗಾರನು ತಲೆಕೆಳಗಾಗಿಯೇ ಮೇಲಕ್ಕೆ ಏರತೊಡಗಬಹುದು. ಗಾಳಿ ಬಿಡುವ ಕವಾಟ ತೋಳಿನಲ್ಲಿದೆ, ಗಾಳಿ ಕಾಲಿನಲ್ಲಿದೆ. ಇಂತಹ ಅಂಕೆ ಮೀರಿದ ಏರಿಕೆಯಿಂದ ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಎದ್ದು ಡಿಕಂಪ್ರೆಷನ್ ಕಾಯಿಲೆ ತಗಲಬಹುದು.

ಉಡುಪು ಅತಿ ಬಿಗಿಯಾಗಿದ್ದರೆ ಒಳಉಡುಪು ಅದುಮಿಹೋಗಿ ಅದರ ಬೆಚ್ಚಗಿನ ಗುಣವೇ ನಾಶವಾಗುತ್ತದೆ. ಕೈ ಎತ್ತಿ ಬೆನ್ನ ಹಿಂದಿನ ಸಿಲಿಂಡರಿನ ಕವಾಟವನ್ನು ಮುಟ್ಟಲಾಗುವುದಿಲ್ಲ. ಬಗ್ಗಿ ಕಾಲಿನ ಈಜುರೆಕ್ಕೆಯನ್ನು ಸರಿಪಡಿಸಲಾಗುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕೊರಳಪಟ್ಟಿ. ಕೊರಳಿನ ಎರಡು ಬದಿಗಳಲ್ಲಿ ಮೆದುಳಿಗೆ ರಕ್ತವನ್ನು ಒಯ್ಯುವ ಕ್ಯಾರಟಿಡ್ ಧಮನಿಗಳಿವೆ. ರಕ್ತದ ಒತ್ತಡವನ್ನು ಗುರುತಿಸುವ ನರಾಗ್ರಗಳು ಅಲ್ಲಿಯೇ ಇವೆ. ಪಟ್ಟಿ ಬಿಗಿಯಾಗಿ ಒತ್ತಿದರೆ, ರಕ್ತದ ಒತ್ತಡವೇ ಏರಿತೆಂದು ಅವು ಮೋಸಹೋಗಿ ಹೃದಯದ ಬಡಿತವನ್ನು ತಗ್ಗಿಸುತ್ತವೆ. ತಲೆಸುತ್ತು, ಕಣ್ಣು ಕತ್ತಲೆ, ಕೊನೆಗೆ ಮೂರ್ಛೆ. ಇವು ನೀರಿನಡಿಯಲ್ಲಿ ಸಂಭವಿಸಿದರೆ ಫಲವೇನೆಂದು ಹೇಳಬೇಕಾಗಿಲ್ಲ. ಹೊಸ ಉಡುಪಿನ ಕೊರಳು ಸ್ವಲ್ಪ ಬಿಗಿಯಾಗಿಯೇ ಇರುತ್ತದೆಂದು ಹಲ್ಲು ಕಚ್ಚಿ ಸಹಿಸುವುದು ಸಾಹಸವಲ್ಲ, ಅವಿವೇಕ.

ಅಳತೆ ಕೊಡುವ ಕ್ರಮ

ಹೊಲಿಯುವ ಸಂಸ್ಥೆಗಳು ಒಂದು ನಮೂನೆಯನ್ನು ಕಳುಹಿಸುತ್ತವೆ. ಎತ್ತರ, ತೂಕ, ಎದೆ, ಸೊಂಟ, ತೊಡೆ, ಮೀನಖಂಡ, ಕೊರಳು, ಮಣಿಕಟ್ಟು, ಪಾದ ಹೀಗೆ ಅದರಲ್ಲಿ ಹಲವಾರು ಮನೆಗಳಿರುತ್ತವೆ. ನಮ್ಮ ಎಂಜಿನಿಯರನು ಮೊದಲು ತಾನೇ ಕನ್ನಡಿಯ ಮುಂದೆ ನಿಂತು ಟೇಪು ಹಿಡಿದನೆನ್ನೋಣ. ಇದು ಮೊದಲ ತಪ್ಪು. ತನ್ನ ಅಳತೆಯನ್ನು ತಾನೇ ತೆಗೆಯುವವನು ಬಗ್ಗುತ್ತಾನೆ. ಬಗ್ಗಿದೊಡನೆ ಅಂಕೆ ಬದಲಾಗುತ್ತದೆ. ಮಡದಿಯೋ ಮಿತ್ರನೋ ಅಳೆಯಬೇಕು. ಎರಡು ಬಾರಿ ಅಳೆದು ತಾಳೆ ನೋಡಬೇಕು. ಸಾಧ್ಯವಿದ್ದರೆ ತಯಾರಕರಲ್ಲಿಗೆ ಹೋಗಿ ಅವರ ಕೈಯಿಂದಲೇ ಅಳೆಸಿಕೊಳ್ಳುವುದು ಉತ್ತಮ.

ಎರಡನೆಯ ತಪ್ಪು ಇನ್ನೂ ಮಾನವಸಹಜವಾದದ್ದು. ಟೇಪು ಸೊಂಟಕ್ಕೆ ಬಂದೊಡನೆ ಉಸಿರು ತಾನಾಗಿಯೇ ಒಳಗೆ ಹೋಗುತ್ತದೆ, ಹೊಟ್ಟೆ ಎರಡು ಅಂಗುಲ ಕರಗುತ್ತದೆ! "ಬೇಸಗೆಯ ಹೊತ್ತಿಗೆ ಹೇಗೂ ಇಳಿಸುತ್ತೇನೆ" ಎಂಬ ಸಂಕಲ್ಪವೂ ಜೊತೆಗೂಡುತ್ತದೆ. ಇಳಿಸಬೇಕಾದ ತೂಕವಿದ್ದರೆ ಮೊದಲು ಇಳಿಸಿ ಅನಂತರ ಅಳತೆ ಕೊಡಬೇಕು. ಇಲ್ಲವೇ ಇದ್ದ ಹೊಟ್ಟೆಯನ್ನು ಇದ್ದಂತೆ ಒಪ್ಪಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದು ಹಿರಿಯರ ಮಾತು. ಇಲ್ಲಿ ಕಾಲು ಇದ್ದಷ್ಟೇ ಹಾಸಿಗೆ ಸಿದ್ಧವಾಗುತ್ತದೆ. ಆದುದರಿಂದ ಕಾಲಿನ ಉದ್ದವನ್ನು ನಿಜವಾಗಿಯೇ ಹೇಳಬೇಕು.

ಮೂರನೆಯದು ಒಳಉಡುಪಿನ ಲೆಕ್ಕ. ಕೆಲವು ತಯಾರಕರು ಮೈಯ ಅಳತೆಯನ್ನು ಪಡೆದು ಒಳಉಡುಪಿಗೆ ತಾವೇ ಎಡೆ ಬಿಡುತ್ತಾರೆ. ಕೆಲವರು ಒಳಉಡುಪು ಧರಿಸಿದ ಅಳತೆಯನ್ನೇ ಕೇಳುತ್ತಾರೆ. ಇದನ್ನು ವಿಚಾರಿಸದೆ ಅಳೆದರೆ ಎಡೆಯನ್ನು ಎರಡು ಬಾರಿ ಬಿಟ್ಟಂತಾಗುತ್ತದೆ, ಇಲ್ಲವೇ ಬಿಡದೆಯೇ ಹೋಗುತ್ತದೆ. ಯಾವ ಒಳಉಡುಪನ್ನು ತೊಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ತಿಳಿಸುವುದು ಅವಶ್ಯಕ.

ಬಟ್ಟೆ, ಪಟ್ಟಿ, ಜಿಪ್

ಬಟ್ಟೆಯಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಟ್ರೈಲ್ಯಾಮಿನೇಟ್ ಎಂಬುದು ಮೂರು ಪದರಗಳದ್ದು; ಎರಡು ನೇಯ್ಗೆಗಳ ನಡುವೆ ಬ್ಯೂಟೈಲ್ ರಬ್ಬರಿನ ಪದರ. ಹಗುರ, ಬೇಗ ಒಣಗುತ್ತದೆ. ಆದರೆ ಹಿಗ್ಗುವುದಿಲ್ಲ, ತಾನಾಗಿ ಬೆಚ್ಚಗಿಡುವುದೂ ಇಲ್ಲ. ಹಿಗ್ಗದ ಬಟ್ಟೆಯಾದುದರಿಂದಲೇ ಇದರಲ್ಲಿ ಅಳತೆಗೆ ಹೆಚ್ಚಿನ ಬೆಲೆ. ನಿಯೋಪ್ರೀನಿನ ಉಡುಪು ಹಿಗ್ಗುತ್ತದೆ, ಮೈಗೆ ಒಗ್ಗುತ್ತದೆ, ತಾನೂ ಒಂದಿಷ್ಟು ಬೆಚ್ಚಗಿಡುತ್ತದೆ; ಆದರೆ ಭಾರ, ಒಣಗುವುದು ನಿಧಾನ.

ಪಟ್ಟಿಗಳನ್ನು ಲೇಟೆಕ್ಸ್, ಸಿಲಿಕೋನ್ ಅಥವಾ ನಿಯೋಪ್ರೀನಿನಿಂದ ಮಾಡುತ್ತಾರೆ. ಲೇಟೆಕ್ಸ್ ರಬ್ಬರು ಒಗ್ಗದೆ ಚರ್ಮದಲ್ಲಿ ತುರಿಕೆ, ದದ್ದು ಏಳುವವರು ಮೊದಲೇ ತಿಳಿಸಿ ಬೇರೊಂದನ್ನು ಹಾಕಿಸಿಕೊಳ್ಳಬೇಕು. ಲೇಟೆಕ್ಸ್ ಪಟ್ಟಿ ಬಿಗಿಯಾದರೆ ಅಂಚನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ಸರಿಪಡಿಸಬಹುದು. ಅವಸರ ಕೂಡದು, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಜಿಪ್ಪನ್ನು ಮಡಿಸದೆ, ಮರಳು ಸೇರದಂತೆ ಕಾಪಾಡಿಕೊಳ್ಳಬೇಕು. ಲೋಹದ್ದಾದರೆ ಅದಕ್ಕೆ ಮೇಣ ಸವರಬೇಕು.

ಹಣದ ಲೆಕ್ಕ

ಬ್ರಿಟನ್ನಿನಲ್ಲಿ ಇಂತಹ ಉಡುಪಿನ ಬೆಲೆ ಸಾವಿರ ಪೌಂಡಿನ ಆಚೀಚೆ ಆರಂಭವಾಗಿ ಅದರ ಎರಡು ಪಟ್ಟನ್ನೂ ಮೀರಬಹುದು. ಒಳಉಡುಪು, ತಲೆಯ ಕುಲಾವಿ, ಕೈಗವಸು, ತರಬೇತಿಯ ಶುಲ್ಕ ಬೇರೆ. ಕೊಳ್ಳುವವನು ಉಡುಪಿನ ಬೆಲೆಯನ್ನು ಮಾತ್ರವಲ್ಲ, ಈ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ವರ್ಷಕ್ಕೆ ಎರಡೇ ಬಾರಿ ಮುಳುಗುವವನಿಗೆ ಬಾಡಿಗೆಯ ಉಡುಪೇ ಲಾಭಕರ. ಬಾಡಿಗೆಯದನ್ನು ನಾಲ್ಕಾರು ಬಾರಿ ತೊಟ್ಟವನಿಗೆ ತನಗೆ ಬೇಕಾದುದೇನು ಎಂಬುದೂ ತಿಳಿಯುತ್ತದೆ.

ಅಳತೆಗೆ ಹೊಲಿಸಿದ ವಸ್ತುವಿನ ವಿಷಯದಲ್ಲಿ ಕಾನೂನಿನ ಒಂದು ಅಂಶವನ್ನು ಅರಿತಿರಬೇಕು. ಬ್ರಿಟನ್ನಿನಲ್ಲಿ ಅಂಚೆಯ ಅಥವಾ ಅಂತರ್ಜಾಲದ ಮೂಲಕ ಕೊಂಡ ಸಾಮಾನನ್ನು 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕನ್ನು 2013ರ ನಿಯಮಗಳು ಕೊಡುತ್ತವೆ. ಗ್ರಾಹಕನ ಸ್ವಂತ ಅಳತೆಗೆ ಮಾಡಿಸಿದ ವಸ್ತುವಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ವಸ್ತುವಿನಲ್ಲಿಯೇ ದೋಷವಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ರಕ್ಷಣೆ ಉಂಟು. ತಪ್ಪು ಅಳತೆ ಕೊಟ್ಟವನಿಗೆ ಅದು ನೆರವಾಗದು. ಆದಕಾರಣ ನಮೂನೆಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾರ ತಪ್ಪೆಂಬ ಪ್ರಶ್ನೆ ಎದ್ದಾಗ ಅದೇ ಸಾಕ್ಷಿ.

ಮುಂಗಡ ಕೊಟ್ಟು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಹಣ ಪಾವತಿಯ ಮಾರ್ಗವೂ ಮುಖ್ಯ. ಅಲ್ಲಿಯ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮಿನಂತೆ, 100 ಪೌಂಡಿಗಿಂತ ಹೆಚ್ಚು ಹಾಗೂ 30,000 ಪೌಂಡನ್ನು ಮೀರದ ಬೆಲೆಯ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಾಗ, ಮಾರಾಟಗಾರನು ಒಪ್ಪಂದಕ್ಕೆ ತಪ್ಪಿದರೆ ಕಾರ್ಡು ನೀಡಿದ ಸಂಸ್ಥೆಯೂ ಹೊಣೆಯಾಗುತ್ತದೆ. ಮುಂಗಡವನ್ನು ಮಾತ್ರ ಕಾರ್ಡಿನಲ್ಲಿ ಕೊಟ್ಟಿದ್ದರೂ ಈ ರಕ್ಷಣೆ ಲಭ್ಯ. ಡೆಬಿಟ್ ಕಾರ್ಡಿಗೆ ಈ ಕಲಮು ಅನ್ವಯಿಸದು.

ಉಡುಪು ಬಂದ ಮೇಲೆ

ಪೆಟ್ಟಿಗೆ ಮನೆಗೆ ಬಂದ ದಿನವೇ ಕೊಳಕ್ಕೆ ಓಡುವುದು ಬೇಡ. ಒಳಉಡುಪಿನೊಡನೆ ಉಡುಪನ್ನು ತೊಟ್ಟು, ಸೇರಿದ ಗಾಳಿಯನ್ನು ಹೊರಗೆ ಬಿಟ್ಟು, ಮನೆಯಲ್ಲಿಯೇ ಪರೀಕ್ಷಿಸಬೇಕು. ಕುಕ್ಕರಗಾಲಿನಲ್ಲಿ ಕುಳಿತಾಗ ಬೆನ್ನು ಎಳೆಯುತ್ತದೆಯೇ? ಎರಡು ಕೈಗಳೂ ತಲೆಯ ಹಿಂದಕ್ಕೆ ಹೋಗುತ್ತವೆಯೇ? ಬಲಗೈ ಎಡತೋಳಿನ ಕವಾಟವನ್ನು ಸುಲಭವಾಗಿ ಮುಟ್ಟುತ್ತದೆಯೇ? ಐದಾರು ನಿಮಿಷಗಳಾದರೂ ಕೊರಳಿಗೆ ಹಿತವಾಗಿದೆಯೇ? ಯಾವುದಕ್ಕಾದರೂ ಉತ್ತರ ತೃಪ್ತಿಕರವಲ್ಲದಿದ್ದರೆ, ನೀರಿಗೆ ಇಳಿಯುವ ಮುನ್ನವೇ ತಯಾರಕರಿಗೆ ತಿಳಿಸುವುದು ಯುಕ್ತ.

ಅನಂತರ ತರಬೇತಿ. ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯಾದ ಪ್ಯಾಡಿಯ ಒಣ ಉಡುಪಿನ ಪಾಠಕ್ರಮದಲ್ಲಿ ಈಜುಕೊಳದಂತಹ ಸುರಕ್ಷಿತ ನೀರಿನಲ್ಲಿ ಅಭ್ಯಾಸವೂ ಬಯಲುನೀರಿನಲ್ಲಿ ಎರಡು ಮುಳುಗುಗಳೂ ಇವೆ. ಒಳಗಿನ ಗಾಳಿಯಿಂದ ತೇಲುಶಕ್ತಿ ಹೆಚ್ಚುವುದರಿಂದ ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕಾಗುತ್ತದೆ. ಎಷ್ಟು ಸೀಸ ಎಂಬುದನ್ನು ಶಿಕ್ಷಕರ ಸಮ್ಮುಖದಲ್ಲಿ ನಿರ್ಧರಿಸಬೇಕು. ಕಾಲಿಗೆ ಗಾಳಿ ನುಗ್ಗಿದಾಗ ಮೈ ಮುದುಡಿ ಪಲ್ಟಿ ಹೊಡೆದು ನೆಟ್ಟಗಾಗುವುದನ್ನು ಮೊದಲು ಕಲಿಯಬೇಕು.

ಆರೋಗ್ಯದ ಎಚ್ಚರಿಕೆಗಳು

ತಣ್ಣೀರಿನಲ್ಲಿ ಮುಳುಗಿದಾಗ ಮೂತ್ರದ ಉತ್ಪತ್ತಿ ಹೆಚ್ಚುವುದು ಶರೀರಧರ್ಮ. ಉಡುಪನ್ನು ಕಳಚುವ ಕಷ್ಟಕ್ಕೆ ಅಂಜಿ ಕೆಲವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಈ ಅಭ್ಯಾಸ ಒಳ್ಳೆಯದಲ್ಲ. ನಿರ್ಜಲಸ್ಥಿತಿಯು ಡಿಕಂಪ್ರೆಷನ್ ಕಾಯಿಲೆಗೆ ಅನುಕೂಲ ಕಲ್ಪಿಸುತ್ತದೆಂದು ತಜ್ಞರು ಎಚ್ಚರಿಸುತ್ತಾರೆ. ಹೊಲಿಸುವಾಗಲೇ ಇದಕ್ಕೆ ಸ್ತ್ರೀಪುರುಷರಿಬ್ಬರಿಗೂ ತಕ್ಕ ಕವಾಟದ ಏರ್ಪಾಟನ್ನು ಮಾಡಿಸಿಕೊಳ್ಳಬಹುದು, ಸಂಕೋಚಪಡಬೇಕಾಗಿಲ್ಲ.

ಅಮೆರಿಕದ ನೌಕಾಪಡೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಇನ್ನೊಂದು ಸಂಗತಿ ತಿಳಿದುಬಂತು. ತಳದಲ್ಲಿ ಬೆಚ್ಚಗಿದ್ದು ಏರುವಾಗ ಚಳಿಗೆ ಸಿಕ್ಕವರಲ್ಲಿ ಡಿಕಂಪ್ರೆಷನ್ ಕಾಯಿಲೆಯ ಸಂಭವ ಬಹಳ ಹೆಚ್ಚು. ಉಡುಪು ಸೋರಿದರೆ ಒದಗುವುದು ಇಂತಹ ಸ್ಥಿತಿಯೇ. ಸೋರಿಕೆ ತಿಳಿದೊಡನೆ ಮುಳುಗನ್ನು ಮುಗಿಸಿ ನಿಯಮದಂತೆ ಏರುವುದು ವಿವೇಕ.

1989ರಲ್ಲಿ ಬ್ರಿಟನ್ನಿನ ವೈದ್ಯ ಪೀಟರ್ ವಿಲ್ಮ್ಸ್‌ಹರ್ಸ್ಟ್ ಮತ್ತು ಸಂಗಡಿಗರು ತಣ್ಣೀರಿನಲ್ಲಿ ಮುಳುಗಿದವರ ಶ್ವಾಸಕೋಶದಲ್ಲಿ ದ್ರವ ತುಂಬುವ ರೋಗಸ್ಥಿತಿಯನ್ನು ವರದಿಮಾಡಿದರು. ರಕ್ತದ ಒತ್ತಡವುಳ್ಳವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ನೀರಿನಲ್ಲಿ ಅಕಾರಣವಾಗಿ ಏದುಸಿರು, ಕೆಮ್ಮು ಅಥವಾ ನೊರೆಯುಕ್ತ ಕಫ ಕಂಡರೆ ತಕ್ಷಣ ಸಂಗಾತಿಗೆ ಸಂಜ್ಞೆ ಮಾಡಿ ನೀರಿನಿಂದ ಹೊರಬಂದು ಚಿಕಿತ್ಸೆ ಪಡೆಯಬೇಕು. ನಲವತ್ತು ದಾಟಿದವರು, ರಕ್ತದ ಒತ್ತಡಕ್ಕೆ ಔಷಧಿ ಸೇವಿಸುವವರು, ದರ್ಜಿಗೆ ಅಳತೆ ಕೊಡುವ ಮೊದಲು ವೈದ್ಯರಿಗೆ ಮೈ ತೋರಿಸುವುದು ಲೇಸು.

ನಮ್ಮ ಎಂಜಿನಿಯರನು ಇವೆಲ್ಲವನ್ನೂ ತಿಳಿದ ಮೇಲೆ ಮಾಡಬೇಕಾದುದು ಏನು? ಒಂದು ಚಳಿಗಾಲ ಬಾಡಿಗೆಯ ಉಡುಪಿನಲ್ಲಿ ಕಲಿಯಲಿ. ವೈದ್ಯರ ಒಪ್ಪಿಗೆ ಪಡೆಯಲಿ. ಅನಂತರ ಟೇಪನ್ನು ಮಡದಿಯ ಕೈಗೆ ಕೊಟ್ಟು, ಉಸಿರನ್ನು ಸಹಜವಾಗಿ ಬಿಟ್ಟು, ನೆಟ್ಟಗೆ ನಿಲ್ಲಲಿ. ನೆಲದ ಮೇಲೆ ಮನುಷ್ಯನು ತನ್ನ ನಿಜಸ್ವರೂಪವನ್ನು ಉಡುಪಿನಿಂದ ಮರೆಮಾಡಬಲ್ಲ. ನೀರಿನ ಆಳದಲ್ಲಿ ಆ ನಿಜವನ್ನು ಒಪ್ಪಿಕೊಂಡು ಹೊಲಿಸಿದ ಉಡುಪು ಮಾತ್ರ ಅವನನ್ನು ಕಾಯುತ್ತದೆ.